ದುರ್ಬೀನು ಕೊಂಡೆಯಂತೆ, ರಿಫ್ಕಾ

ಒತ್ತೆ ಅಂಗಡಿಯಲ್ಲಿ ದುರ್ಬೀನು ಕೊಂಡೆಯಂತೆ, ರಿಫ್ಕಾ.
ಒಳ್ಳೆಯದು. ಮೊದಲು ಆ ಡಬ್ಬಿ ಎಸೆ.
ಅದರ ಮೇಲಿನ ಬಣ್ಣದ ನೀಹಾರಿಕೆ
ನಿನ್ನ ಕಣ್ಣಿಗೆ ಎಂದೂ ಬೀಳುವುದಿಲ್ಲ.
ಕಾಣುವುದು ಬೂದಿ,
ಬೂದಿಯೊಳಗೆ ಉಸಿರಿನಷ್ಟು ಬೆಳಕು.
ಅದಕ್ಕೆ ಒಗ್ಗಲು ಒಂದು ಚಳಿಗಾಲ ಬೇಕು.

ನಾನು ನಲವತ್ತು ವರ್ಷ ಮಿಚೆಲ್ಸ್ ಪ್ಲೇನಿನ ಮನೆಮನೆಯ
ಕಟ್ಟಿಕೊಂಡ ಕೊಳವೆ ಬಿಡಿಸಿದವನು.
ನನ್ನ ದುರ್ಬೀನಿನ ಮೈಯೂ ಚರಂಡಿ ಪೈಪೇ.
ನಗಬೇಡ. ಕನ್ನಡಿ ಕೂತಮೇಲೆ
ಪೈಪಿಗೆ ತನ್ನ ಹುಟ್ಟು ನೆನಪಿರುವುದಿಲ್ಲ.

ಹಗಲಲ್ಲೇ ಮಾಡುವ ಕೆಲಸವೊಂದಿದೆ:
ದೊಡ್ಡ ಕೊಳವೆಯ ಬೆನ್ನ ಮೇಲೊಂದು ಮರಿಕೊಳವೆ ಇದೆಯಲ್ಲ,
ಎರಡನ್ನೂ ದೂರದ ನೀರಿನ ಟ್ಯಾಂಕಿನ ತುದಿಗೆ ಹಿಡಿದು
ಸ್ಕ್ರೂ ತಿರುಗಿಸಿ ಒಂದೇ ಮಾತಿಗೆ ತಾ.
ರಾತ್ರಿ ನೋಡಿಕೊಳ್ಳೋಣ ಎಂದವರು
ಗುರುವನ್ನು ಹುಡುಕುತ್ತ ಬೀದಿದೀಪ ನೋಡಿ ಮಲಗಿದ್ದಾರೆ.
ಸೂರ್ಯನ ಕಡೆ ಮಾತ್ರ ತಿರುಗಿಸಬೇಡ.
ಎರಡು ಸಲ ಹೇಳುತ್ತೇನೆ: ತಿರುಗಿಸಬೇಡ.
ಕಣ್ಣಿಗೆ ವಾಷರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಒಲೆ ಹಚ್ಚುವ ಹೊತ್ತಿಗೇ ಹಿತ್ತಲಿಗೆ ತಂದಿಡು.
ಕನ್ನಡಿ ತಣಿಯಬೇಕು. ಅದರ ಬಿಸಿ ಆರುವ ತನಕ
ಶನಿ, ಎಸರಿಗೆ ಬಿದ್ದ ಕಾಳಿನ ಹಾಗೆ ಕುಣಿಯುತ್ತಾನೆ.
ಪೀಟರ್ಸನ್ನರ ಹೆಂಚಿನ ಮೇಲಿಂದ ನೋಡಬೇಡ,
ಹಗಲುಂಡ ಬಿಸಿಲನ್ನು ಅದು ನಡುರಾತ್ರಿವರೆಗೂ ತೇಗುತ್ತದೆ.
ಆಗ್ನೇಯದ ಗಾಳಿ ಎದ್ದರೆ ಬೇಡವೇ ಬೇಡ.
ಬಟ್ಟೆ ಒಣಗಿಸಲಿ ಅದು.

ಇಪ್ಪತ್ತೈದು ಎಂದು ಬರೆದ ಐಪೀಸಿನಿಂದ ಶುರು ಮಾಡು.
ನಾಲ್ಕು ಎಂದಿರುವುದನ್ನು ಕಾಲುಚೀಲದಲ್ಲಿ ಸುತ್ತಿ ಮರೆತುಬಿಡು.
ಟಾರ್ಚಿಗೆ ಕೆಂಪು ಮಿಠಾಯಿ ಕಾಗದ ಕಟ್ಟು.
ಫೋನು ಅಡುಗೆಮನೆಯಲ್ಲಿರಲಿ; ಒಮ್ಮೆ ಇಣುಕಿದೆಯೋ,
ಅರ್ಧ ಗಂಟೆ ಕೂಡಿಟ್ಟ ಕತ್ತಲೆ ಸೋರಿಹೋಯಿತು.

ಮಸುಕಾದದ್ದನ್ನು ನೇರ ನೋಡಬೇಡ.
ಸಾಲ ಕೊಟ್ಟವನು ಎದುರಾದಾಗ ನೋಡುತ್ತೇವಲ್ಲ,
ಹಾಗೆ, ಓರೆಯಾಗಿ.
ಆಗಲೂ ಕಾಣದಿದ್ದರೆ ಬೆರಳಿಂದ ಕೊಳವೆ ತಟ್ಟು.
ನಿಂತದ್ದನ್ನು ಬಿಟ್ಟುಕೊಟ್ಟ ಕಣ್ಣು
ಅಲುಗಿದ್ದನ್ನು ಹಿಡಿಯುತ್ತದೆ.

ಚಂದ್ರನ ನಕ್ಷೆ ಉತ್ತರದವರು ಬರೆದದ್ದು,
ನಮ್ಮ ಆಕಾಶದಲ್ಲಿ ಅವನು ತಲೆಕೆಳಗು.
ನಿನ್ನ ಕನ್ನಡಿ ಮತ್ತೊಮ್ಮೆ ತಲೆಕೆಳಗು ಮಾಡಿ
ಪುಸ್ತಕಕ್ಕೆ ಸರಿಹೊಂದಿಸುತ್ತದೆ.
ಇದು ತಿಳಿಯದೆ ಒಂದು ವರ್ಷ ನಕ್ಷೆ ಬುಡಮೇಲು ಹಿಡಿದು
ಕುತ್ತಿಗೆ ಹಿಡಿಸಿಕೊಂಡಿದ್ದೇನೆ.

ಪಟಾಕಿಯೋ ಗುಂಡೋ ಎಂದು ಯೋಚಿಸುತ್ತ ನಿಲ್ಲಬೇಡ.
ಎಲ್ಲ ಅಲ್ಲೇ ಬಿಟ್ಟು ಒಳಗೆ ಹೋಗು, ನೆಲಕ್ಕೆ ಕೂರು.
ಶನಿ ಎಲ್ಲಿಗೂ ಹೋಗುವುದಿಲ್ಲ.

ಕನ್ನಡಿಯ ಮೇಲೆ ಧೂಳು ಕೂರುತ್ತದೆ. ಒರೆಸಬೇಡ.
ಧೂಳು ಕ್ಷಮಿಸುತ್ತದೆ, ಗೀರು ಕ್ಷಮಿಸುವುದಿಲ್ಲ.
ಲೋಡ್ ಶೆಡ್ಡಿಂಗ್ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸು,
ಊರು ಬೈಯುವ ಆ ಎರಡು ಗಂಟೆಯೇ ನಿನ್ನ ಹಬ್ಬ.
ಹೋದ ಜೂನಿನಲ್ಲಿ ಕರೆಂಟು ಹೋದಾಗ
ಒಮೇಗಾ ಸೆಂಟಾರಿಗೆ ತಿರುಗಿಸಿದ್ದೆ,
ಬೀದಿಯೇ ಹಿತ್ತಲಿಗೆ ಬಂದು ಸಾಲುನಿಂತಿತು.
ಲಕ್ಷಾಂತರ ನಕ್ಷತ್ರಗಳ ಆ ಗುಡ್ಡೆ ನೋಡಿ ನಿನ್ನಮ್ಮ ಅಂದಳು:
'ಗಾಜಿಗೆ ಧೂಳು ಬಿದ್ದಿದೆ, ಒರೆಸಬಾರದೇ?'

ಇನ್ನೊಂದಿದೆ. ಯಾರಿಗೂ ಹೇಳಿಲ್ಲ.
ರಂಜಾನಿನ ಹಿಂದಿನ ಸಂಜೆ, ಕಡಲ ದಂಡೆ,
ಚಂದ್ರನನ್ನು ಕಾಯುವ ಬರಿಗಣ್ಣಿನ ಹಿರಿಯರು,
ಅವರ ನಡುವೆ ನನ್ನ ಭಾವ ಮೊಗಮತ್.
ಸೂರ್ಯ ಪೂರಾ ಮುಳುಗಿದ ಮೇಲೆ
ಕಲ್ಲುಗೋಡೆಯ ಮರೆಗೆ ನಾನು ಚಿಕ್ಕ ದುರ್ಬೀನು ಹೂಡಿದೆ.
ಸಿಕ್ಕಿತು.
ಕತ್ತರಿಸುವಾಗ ಸಿಡಿದ ಉಗುರಿನ ಚೂರಿಗಿಂತ ತೆಳು.
ತಿರುಗಿ ನೋಡಿದೆ: ಎಪ್ಪತ್ತೆಂಟರ ಕಣ್ಣು ಕಿರಿದು ಮಾಡಿ
ಭಾವ ನೀರಿನ ಮೇಲೆ ಎಲ್ಲೋ ತಡಕುತ್ತಿದ್ದರು.

ಬಾಯಿ ತೆರೆಯಲಿಲ್ಲ. ಮುಚ್ಚಳ ಹಾಕಿದೆ.
ಆರು ನಿಮಿಷ. ಗಡಿಯಾರ ನೋಡಿದ್ದೇನೆ.
ಆಮೇಲೆ ಅವರ ಕೈ ಮೇಲೆದ್ದಿತು,
ಬೆರಳು ಒಂದಿಷ್ಟೂ ನಡುಗದೆ.
'ಎಲ್ಲಿ, ಎಲ್ಲಿ?' ಎಂದೆ
ಎಲ್ಲರ ಜೊತೆ.